ಸೈಡ್ ಎಫೆಕ್ಟ್ ಇಲ್ಲವಂತೆ!

ಹೊಸ ಮಾತ್ರೆಯೊಂದು ಮಾರುಕಟ್ಟೆಗೆ ಬಂತೆಂದರೆ ಅದರ ಗುಣಕ್ಕಿಂತ ಮೊದಲು ಊರು ಸುತ್ತುವ ಸುದ್ದಿ ಒಂದೇ: 'ಇದಕ್ಕೆ ಸೈಡ್ ಎಫೆಕ್ಟ್ ಇಲ್ಲವಂತೆ.' ಯಾರು ಹೇಳಿದರು ಅಂತ ಕೇಳಬಾರದು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳಿರುತ್ತಾರೆ; ಅವರಿಗೆ ಅವರ ಷಡ್ಡಕ ಹೇಳಿರುತ್ತಾನೆ; ಷಡ್ಡಕನ ಮಗಳು ನ್ಯೂಜೆರ್ಸಿಯಲ್ಲಿರುತ್ತಾಳೆ. ಹೀಗೆ ಕಿವಿಗೆ ಬಿದ್ದ ಸುದ್ದಿಗಳಲ್ಲಿ ಒಂದು ಕೊಬೆನ್ಫಿ ಎಂಬ ಕ್ಯಾಪ್ಸೂಲಿನದು. ಸ್ಕಿಜೋಫ್ರೇನಿಯಾಕ್ಕೆಂದು ಅಮೆರಿಕದ ಎಫ್‌ಡಿಎ 2024ರ ಸೆಪ್ಟೆಂಬರ್ 26ರಂದು ಒಪ್ಪಿಗೆ ಕೊಟ್ಟ ಔಷಧಿ. ತೂಕ ಏರುವುದಿಲ್ಲವಂತೆ, ಕೈ ನಡುಗುವುದಿಲ್ಲವಂತೆ, ಮಂಕು ಕವಿಯುವುದಿಲ್ಲವಂತೆ. ಇಷ್ಟೆಲ್ಲ ಇಲ್ಲಗಳನ್ನು ಕೇಳಿದ ಮೇಲೆ ಇದು ಔಷಧಿಯೇ ಹೌದೋ ಅಲ್ಲವೋ ಎಂಬ ಗುಮಾನಿ ನನ್ನಂಥವನಿಗೆ ಬಂದರೆ ತಪ್ಪೇನು?

ಆದರೆ 'ಇಲ್ಲವಂತೆ' ಎನ್ನುವವರನ್ನು ನೋಡಿ ನಗುವ ಮೊದಲು ಅವರು ಏನನ್ನು ಕಂಡು ಬೇಸತ್ತಿದ್ದಾರೆ ಎಂಬುದನ್ನು ನೋಡಬೇಕು. ಮನೆಯ ಹುಡುಗನಿಗೆ ಯಾರೂ ಆಡದ ಮಾತು ಕೇಳಿಸುತ್ತದೆ, ಎದುರುಮನೆಯವರು ತನ್ನ ಮೇಲೆ ಸಂಚು ನಡೆಸುತ್ತಿದ್ದಾರೆ ಅನ್ನುತ್ತಾನೆ, ಸ್ನಾನ ಬಿಟ್ಟಿದ್ದಾನೆ, ಅನ್ನ ಬಿಟ್ಟಿದ್ದಾನೆ. ಡಾಕ್ಟರು ಒಲಾಂಜಪಿನ್ ಬರೆಯುತ್ತಾರೆ. ಕೆಲವು ವಾರಕ್ಕೆ ಮಾತು ಕೇಳಿಸುವುದು ತಗ್ಗುತ್ತದೆ. ಹುಡುಗ ತಟ್ಟೆಯ ಮುಂದೆ ಕೂತು ಮತ್ತೆರಡು ಮುದ್ದೆ ಕೇಳುತ್ತಾನೆ. ಮೊದಲ ತಿಂಗಳು ತಾಯಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಆರನೆಯ ತಿಂಗಳಿಗೆ ಪ್ಯಾಂಟು ಹಿಡಿಸುವುದಿಲ್ಲ. ವರ್ಷ ಕಳೆದರೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡಬೇಕು. ಹಾಗೆಂದು ಹಳೆಯ ಹ್ಯಾಲೋಪೆರಿಡಾಲ್‌ಗೆ ಹೋದರೆ ಮೈ ಬಿಗಿಯುತ್ತದೆ, ಮುಖದ ಮೇಲಿನ ಭಾವ ಹೋಗುತ್ತದೆ. ಇಲ್ಲವೇ ನಿಂತಲ್ಲಿ ನಿಲ್ಲಲಾರದ, ಕೂತಲ್ಲಿ ಕೂರಲಾರದ ಒಂದು ತಳಮಳ ಹತ್ತಿಕೊಳ್ಳುತ್ತದೆ. ಹಜಾರದಲ್ಲಿ ಶತಪಥ ಹಾಕುವವನನ್ನು ನೋಡಿ ಮನೆಯವರು ಕಾಯಿಲೆ ಕೆರಳಿತೆಂದು ತಿಳಿಯುತ್ತಾರೆ. ಡಾಕ್ಟರಿಗೂ ಹಾಗೆಯೇ ಹೇಳುತ್ತಾರೆ. ಅವರೂ ಗಮನಿಸದೆ ಹೋದರೆ ಡೋಸ್ ಏರುತ್ತದೆ, ಶತಪಥವೂ ಏರುತ್ತದೆ.

1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜ್ಯಾಂ ಡೆಲೆ ಮತ್ತು ಪಿಯೆರ್ ಡೆನಿಕರ್ ಕ್ಲೋರ್‌ಪ್ರೋಮಜಿನ್ ಕೊಟ್ಟು ನೋಡಿದಾಗಿನಿಂದ ಇದೇ ಕಥೆ. ಆಗ ಜಗತ್ತು ಬೆರಗಾಗಿದ್ದು ಸುಳ್ಳಲ್ಲ. ಬೀಗ ಹಾಕಿದ ವಾರ್ಡುಗಳ ಗಲಾಟೆ ಅಡಗಿತು. ಆದರೆ ಅದೇ ಔಷಧಿಯಿಂದ ಕೆಲವರ ತುಟಿ, ನಾಲಿಗೆ, ದವಡೆ ತಾವಾಗಿ ಆಡತೊಡಗುತ್ತವೆ, ಔಷಧಿ ನಿಲ್ಲಿಸಿದರೂ ಕೆಲವೊಮ್ಮೆ ನಿಲ್ಲುವುದಿಲ್ಲ ಎಂಬ ಸಂಗತಿಯ ಮೊದಲ ವರದಿ ಬಂದದ್ದು 1957ರಲ್ಲಿ. ಅದಕ್ಕೆ ಟಾರ್ಡಿವ್ ಡಿಸ್ಕಿನೇಸಿಯಾ ಎಂಬ ಹೆಸರು ಬೀಳುವ ಹೊತ್ತಿಗೆ 1964. ಅಷ್ಟರಲ್ಲಿ ಲಕ್ಷಾಂತರ ಜನ ನುಂಗಿ ಆಗಿತ್ತು. ಯಾರೂ ಬಚ್ಚಿಟ್ಟಿರಲಿಲ್ಲ. ತೊಂದರೆಯೇ ತಡವಾಗಿ ಬರುವ ಜಾತಿಯದಾಗಿತ್ತು.

'ಅದಕ್ಕೇ ನಾನು ಇಂಗ್ಲಿಷ್ ಮಾತ್ರೆ ಮುಟ್ಟುವುದಿಲ್ಲ, ಬೇರು-ನಾರಿಗೆ ಸೈಡ್ ಎಫೆಕ್ಟ್ ಇಲ್ಲ' ಎನ್ನುವವರು ಈ ಹಂತದಲ್ಲಿ ತಪ್ಪದೆ ಬಾಯಿ ಹಾಕುತ್ತಾರೆ. ಅವರಿಗಾಗಿ ಸರ್ಪಗಂಧದ ಕಥೆ ಹೇಳಲೇಬೇಕು. ಕ್ಲೋರ್‌ಪ್ರೋಮಜಿನ್‌ಗಿಂತ 21 ವರ್ಷ ಮುಂಚೆ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು ಈ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ನಾಟುತ್ತದೆಂದು ಬರೆದರು. ಪಶ್ಚಿಮದವರು ಕಿವಿಗೆ ಹಾಕಿಕೊಳ್ಳಲಿಲ್ಲ. 1952ರಲ್ಲಿ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು, 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ತಮ್ಮ ಆಸ್ಪತ್ರೆಯ ಅನುಭವ ಪ್ರಕಟಿಸಿದರು, ನಮ್ಮ ಬೇರು ಜಗತ್ಪ್ರಸಿದ್ಧವಾಯಿತು. ಹೆಮ್ಮೆಪಡುವ ವಿಷಯವೇ. ಆದರೆ ಅದರಿಂದ ರಕ್ತದೊತ್ತಡ ಕುಸಿಯುತ್ತಿತ್ತು, ಮೂಗು ಕಟ್ಟುತ್ತಿತ್ತು, ಕೆಲವರ ಮನಸ್ಸು ಖಿನ್ನತೆಯೊಳಗೆ ಇಳಿಯುತ್ತಿತ್ತು. ಕೊನೆಗೆ ಮನೋವೈದ್ಯರು ಅದನ್ನು ಬದಿಗಿಟ್ಟರು. ಬೇರು ನೆಲದಿಂದ ಬಂದದ್ದೆಂದು ಮಿದುಳೇನೂ ರಿಯಾಯಿತಿ ಕೊಡಲಿಲ್ಲ.

ಈಗ ಕೊಬೆನ್ಫಿಗೆ ಬರೋಣ. ಇದರಲ್ಲಿ ನಿಜವಾಗಿ ಹೊಸದೊಂದಿದೆ. ಕ್ಲೋರ್‌ಪ್ರೋಮಜಿನ್‌ನಿಂದ ಈಚಿನ ಹೆಚ್ಚುಕಡಿಮೆ ಎಲ್ಲ ಆಂಟಿಸೈಕಾಟಿಕ್‌ಗಳೂ ಮಿದುಳಿನ ಡೋಪಮಿನ್ ಗ್ರಾಹಕಗಳ ಮೇಲೆ ಕೂತು ಕೆಲಸ ಮಾಡುವವು. ಇದು ಅವನ್ನು ಮುಟ್ಟದೆ, ಮಸ್ಕರಿನಿಕ್ ಎಂಬ ಬೇರೆ ಗ್ರಾಹಕಗಳನ್ನು ಚುರುಕುಗೊಳಿಸುತ್ತದೆ. ಆ ಕೆಲಸ ಮಾಡುವ ಜಾನೊಮೆಲಿನ್ ಮಾತ್ರ ಹೊಸದಲ್ಲ. 1990ರ ದಶಕದಲ್ಲಿ ಎಲಿ ಲಿಲ್ಲಿ ಕಂಪನಿ ಅದನ್ನು ಆಲ್‌ಝೈಮರ್ಸ್ ರೋಗಿಗಳಿಗೆ ಕೊಟ್ಟು ನೋಡಿತ್ತು. ಅವರ ಭ್ರಮೆ, ಸಂಶಯ, ಕಿರುಚಾಟ ಕಡಿಮೆಯಾದವು. ಆದರೆ 1997ರ ವರದಿಯ ಪ್ರಕಾರ ಹೆಚ್ಚಿನ ಡೋಸ್ ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೊಂದರೆ ತಾಳಲಾರದೆ ಬಿಟ್ಟುಹೋದರು. ಬಹುಪಾಲು ಹೊಟ್ಟೆಯ ತೊಂದರೆ. ಮಿದುಳಿನಲ್ಲಿರುವ ಗ್ರಾಹಕಗಳೇ ಕರುಳಿನಲ್ಲೂ ಇವೆ, ಪಾಪ, ಔಷಧಿಗೆ ವಿಳಾಸ ಗೊತ್ತಿಲ್ಲ. ಲಿಲ್ಲಿ ಅದನ್ನು ಕಪಾಟಿಗೆ ಸೇರಿಸಿತು. ಆ ದಶಕದಲ್ಲೇ ಒಲಾಂಜಪಿನ್ ಮಾರಿ ದುಡ್ಡು ಮಾಡಿದ್ದೂ ಅದೇ ಲಿಲ್ಲಿ.

ಮುಂದೆ ಕರುಣಾ ಥೆರಪ್ಯೂಟಿಕ್ಸ್ ಎಂಬ ಬಾಸ್ಟನ್ನಿನ ಕಂಪನಿ ಒಂದು ಉಪಾಯ ಹೂಡಿತು. ಮೂತ್ರದ ಅವಸರಕ್ಕೆ ಕೊಡುವ ಟ್ರೋಸ್ಪಿಯಂ ಎಂಬ ಹಳೆಯ ಔಷಧಿ ಇದೆ. ಅದು ಮಸ್ಕರಿನಿಕ್ ಗ್ರಾಹಕಗಳನ್ನು ತಡೆಯುತ್ತದೆ, ಆದರೆ ಮಿದುಳಿನ ಹೊಸಿಲು ದಾಟುವುದು ಅಷ್ಟಕ್ಕಷ್ಟೆ. ಎರಡನ್ನೂ ಒಂದೇ ಕ್ಯಾಪ್ಸೂಲಿಗೆ ತುಂಬಿದರೆ ಮಿದುಳಿನಲ್ಲಿ ಒಂದರ ರಾಜ್ಯ, ಹೊಟ್ಟೆಯಲ್ಲಿ ಇನ್ನೊಂದರ ಕಾವಲು. ಈ ಉಪಾಯದ ಮೇಲೆ ನಂಬಿಕೆಯಿಟ್ಟು ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಆ ಕಂಪನಿಯನ್ನು ಸುಮಾರು 1,400 ಕೋಟಿ ಡಾಲರಿಗೆ ಕೊಂಡಿತು. ಔಷಧಿಯ ಬೆಲೆ ತಿಂಗಳಿಗೆ ಸುಮಾರು 1,850 ಡಾಲರ್ ಎಂದು ಆಮೇಲೆ ಗೊತ್ತಾಯಿತು. ನನಗೆ ತಿಳಿದ ಮಟ್ಟಿಗೆ ಇದೂ ಒಂದು ಸೈಡ್ ಎಫೆಕ್ಟೇ.

ಉಪಾಯ ಫಲಿಸಿತೆ? ಎಮರ್ಜೆಂಟ್-2 ಎಂಬ ಪ್ರಯೋಗದಲ್ಲಿ 252 ಜನರಿದ್ದರು. ಐದು ವಾರದಲ್ಲಿ ರೋಗಲಕ್ಷಣದ ಅಂಕ ಔಷಧಿಯವರಿಗೆ 21.2 ಇಳಿಯಿತು, ಖಾಲಿ ಗುಳಿಗೆಯವರಿಗೆ 11.6. ವ್ಯತ್ಯಾಸ ಚೆನ್ನಾಗಿಯೇ ಇದೆ. (ಖಾಲಿ ಗುಳಿಗೆಗೂ ಅಷ್ಟು ಇಳಿಯಿತಲ್ಲ, ಆಸ್ಪತ್ರೆಯಲ್ಲಿ ಹೊತ್ತಿಗೆ ಊಟ, ನಿದ್ದೆ, ಕೇಳಿಸಿಕೊಳ್ಳುವವರು ಸಿಕ್ಕಿದ್ದಕ್ಕೋ ಏನೋ; ಅದನ್ನು ಯಾರೂ ಪ್ಯಾಕ್ ಮಾಡಿ ಮಾರುತ್ತಿಲ್ಲ.) ತೂಕ ಖಾಲಿ ಗುಳಿಗೆಯವರಿಗಿಂತ ಹೆಚ್ಚೇನೂ ಏರಲಿಲ್ಲ. ಇಷ್ಟರ ಮಟ್ಟಿಗೆ ಷಡ್ಡಕನ ಮಗಳು ಹೇಳಿದ್ದು ಸರಿ. ಆದರೆ 100ಕ್ಕೆ 21 ಜನರಿಗೆ ಮಲಬದ್ಧತೆ, 19 ಜನರಿಗೆ ಹೊಟ್ಟೆ ತೊಳಸು, 14 ಜನರಿಗೆ ವಾಂತಿ, 10 ಜನರಿಗೆ ರಕ್ತದೊತ್ತಡ ಏರಿಕೆ. ಖಾಲಿ ಗುಳಿಗೆಯವರಲ್ಲಿ ವಾಂತಿ 100ಕ್ಕೆ ಒಬ್ಬರಿಗೆ. ಕಾವಲುಗಾರ ಪೂರ್ತಿ ಎಚ್ಚರವಾಗಿರಲಿಲ್ಲ ಎಂದಾಯಿತು. ಅಷ್ಟೇ ಅಲ್ಲ, ಕಾವಲುಗಾರನದೇ ಉಪಟಳವೂ ಉಂಟು: ಮೂತ್ರ ಕಟ್ಟಬಹುದು. ಪ್ರಾಸ್ಟೇಟ್ ಊದಿದ ಹಿರಿಯರು ಇದನ್ನು ಎರಡು ಸಲ ಓದಿಕೊಳ್ಳಲಿ. ಮೂತ್ರ ಕಟ್ಟಿರುವವರಿಗೆ, ಯಕೃತ್ತಿನ ತೊಂದರೆ ಮಧ್ಯಮವೋ ತೀವ್ರವೋ ಇರುವವರಿಗೆ, ಚಿಕಿತ್ಸೆ ಮಾಡಿಸದ ಒಂದು ಬಗೆಯ ಗ್ಲಾಕೋಮಾ ಇರುವವರಿಗೆ ಕೊಡಲೇಬಾರದು.

ನನ್ನನ್ನು ಕಾಡುವುದು ಈ ಪಟ್ಟಿಯಲ್ಲ, ಆ ಐದು ವಾರ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಸ್ಕಿಜೋಫ್ರೇನಿಯಾದ ಮಾತ್ರೆ ಐದು ವಾರ ನುಂಗುವಂಥದ್ದಲ್ಲ, ಅನೇಕರಿಗೆ ದಶಕಗಳ ಸಂಗಾತಿ. ವರ್ಷದ ಮಟ್ಟಿಗಿನ ಪ್ರಯೋಗಗಳೂ ನಡೆದಿವೆ, ನಿಜ. ಆದರೆ ದವಡೆಯಾಟ ಕಾಣಲು ಐದು ವರ್ಷ ಬೇಕಾಗಿತ್ತಲ್ಲ.

ಹಾಗೆಂದು ಹೆದರಿ ಕೂರುವುದೂ ಲೆಕ್ಕದ ತಪ್ಪೇ. ಇದೇ ಕಾಯಿಲೆಗೆ ಕೊಡುವ ಕ್ಲೋಜಪಿನ್ ನೋಡಿ. 1975ರಲ್ಲಿ ಫಿನ್ಲೆಂಡಿನಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದ ಎಂಟು ಜನ ಬಿಳಿ ರಕ್ತಕಣ ಕುಸಿದು ಸತ್ತರು. ಹಲವು ದೇಶಗಳಲ್ಲಿ ಅದರ ಬಾಗಿಲು ಮುಚ್ಚಿತು. 1988ರಲ್ಲಿ ಜಾನ್ ಕೇನ್ ಮತ್ತು ಸಂಗಡಿಗರು ಬೇರೆ ಯಾವುದಕ್ಕೂ ಬಗ್ಗದ ರೋಗಿಗಳಲ್ಲಿ 100ಕ್ಕೆ 30 ಜನರಿಗೆ ಇದು ಗುಣ ತೋರಿತು, ಕ್ಲೋರ್‌ಪ್ರೋಮಜಿನ್ 4 ಜನರಿಗೆ ಮಾತ್ರ ಎಂದು ತೋರಿಸಿದರು. ರಕ್ತ ಪರೀಕ್ಷೆಯ ಕಟ್ಟುನಿಟ್ಟಿನೊಂದಿಗೆ ಅದು ಮರಳಿ ಬಂತು. 2009ರಲ್ಲಿ 66,881 ರೋಗಿಗಳ ದಾಖಲೆ ಜಾಲಾಡಿದ ಅಧ್ಯಯನವೊಂದು, ಆಂಟಿಸೈಕಾಟಿಕ್‌ಗಳಲ್ಲೆಲ್ಲ ಸಾವಿನ ಪ್ರಮಾಣ ಅತ್ಯಂತ ಕಡಿಮೆ ಇದ್ದದ್ದು ಕ್ಲೋಜಪಿನ್ ತೆಗೆದುಕೊಂಡವರಲ್ಲಿ ಎಂದಿತು. ಆ ದಾಖಲೆಗಳು ಯಾವ ದೇಶದವು? ಫಿನ್ಲೆಂಡಿನವೇ.

ಇನ್ನು ಸ್ಕಿಜೋಫ್ರೇನಿಯಾದ ಮಾತ್ರೆಗಳನ್ನು ಒಂದಕ್ಕೊಂದು ಹೋಲಿಸಿದ ಅಮೆರಿಕದ ಕೇಟಿ ಅಧ್ಯಯನ. 2005ರಲ್ಲಿ ಫಲಿತಾಂಶ ಬಂತು. ಸುಮಾರು 1,500 ಜನರಲ್ಲಿ 100ಕ್ಕೆ 74 ಮಂದಿ 18 ತಿಂಗಳು ಮುಗಿಯುವ ಮೊದಲೇ ತಮಗೆ ಕೊಟ್ಟ ಮಾತ್ರೆ ನಿಲ್ಲಿಸಿದ್ದರು. ಎಲ್ಲಕ್ಕಿಂತ ಕಡಿಮೆ ಜನ ಬಿಟ್ಟದ್ದು ಒಲಾಂಜಪಿನ್ನನ್ನು, ಎಲ್ಲಕ್ಕಿಂತ ತೂಕ ಏರಿಸಿದ್ದೂ ಅದೇ. ಸುರಕ್ಷಿತವೆಂದು ಡಾಕ್ಟರು ಯಾವುದನ್ನು ಕರೆಯುತ್ತಾರೆ, ಮನೆಯವರು ಯಾವುದನ್ನು ಸಹಿಸುತ್ತಾರೆ, ನುಂಗುವವನು ಯಾವುದಕ್ಕೆ ಒಪ್ಪುತ್ತಾನೆ, ಈ ಮೂರೂ ಒಂದೇ ಆಗಬೇಕಿಲ್ಲ. ಧ್ವನಿ ಕೇಳದಿದ್ದರೆ ಸಾಕು, ಹೊಟ್ಟೆ ಬಂದರೆ ಬರಲಿ ಅನ್ನುವವನಿದ್ದಾನೆ. ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಕೈ ನಡುಕಕ್ಕಿಂತ ದೊಡ್ಡ ಅಪಾಯವಿಲ್ಲ. ಹೊಸ ಔಷಧಿಯ ತೂಕ ಹಾಕಬೇಕಾದದ್ದು ಅವರವರ ತಕ್ಕಡಿಯಲ್ಲಿ, ಆ ತಕ್ಕಡಿಯನ್ನು ಡಾಕ್ಟರ ಮೇಜಿನ ಮೇಲಿಡಲು ಅವಕಾಶ ಕೊಟ್ಟರೆ.

ಕೊಬೆನ್ಫಿಗೆ ಬದಲಾಯಿಸಿಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ಹಳೆಯ ಮಾತ್ರೆಗಳ ನಡುಕಕ್ಕೆಂದು ನಮ್ಮಲ್ಲಿ ಪ್ಯಾಸಿಟೇನ್ ಜೊತೆಗೆ ಬರೆಯುವ ರೂಢಿ. ಅದು ಮಿದುಳಿನ ಮಸ್ಕರಿನಿಕ್ ಗ್ರಾಹಕಗಳನ್ನೇ ತಡೆಯುತ್ತದೆ. ಜಾನೊಮೆಲಿನ್ ಚುರುಕುಗೊಳಿಸಬೇಕಾದದ್ದೂ ಅವುಗಳನ್ನೇ. ಎರಡನ್ನೂ ಒಟ್ಟಿಗೆ ನುಂಗಿದರೆ ಒಬ್ಬ ಬಾಗಿಲು ತೆರೆಯುತ್ತಾನೆ, ಇನ್ನೊಬ್ಬ ಚಿಲಕ ಹಾಕುತ್ತಾನೆ. ಹಳೆಯ ಆಂಟಿಸೈಕಾಟಿಕ್ ಇರಲಿ, ಇದೂ ಒಂದಿರಲಿ ಎಂದು ಸೇರಿಸಿ ಕೊಟ್ಟ ಅರೈಸ್ ಪ್ರಯೋಗವೂ 2025ರ ಏಪ್ರಿಲ್‌ನಲ್ಲಿ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್‌ನ ಷೇರು ಬಿತ್ತು.

ಆ ನ್ಯೂಜೆರ್ಸಿಯ ಮನೆಯಂಥಲ್ಲಿ, ಆರು ತಿಂಗಳ ವೀಸಾದ ಮೇಲೆ ಬಂದ ಅಜ್ಜಿಯೋ ತಾಯಿಯೋ ಇದ್ದರೆ, ಬೇರೊಂದು ಪೇಚು ಕಾದಿದೆ. ಈ ಕ್ಯಾಪ್ಸೂಲನ್ನು ದಿನಕ್ಕೆರಡು ಸಲ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದಮೇಲೆ ತೆಗೆದುಕೊಳ್ಳಬೇಕು. ಊಟದೊಂದಿಗೆ ಹೋದರೆ ಟ್ರೋಸ್ಪಿಯಂ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾಗುತ್ತದೆ. ಜಾನೊಮೆಲಿನ್ ಮಾತ್ರ ಸೇರುತ್ತಲೇ ಇರುತ್ತದೆ, ಹೊಟ್ಟೆಗೆ ಕಾವಲಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದ ಮೊಮ್ಮಗ ಓಕರಿಸುವುದನ್ನು ಕಂಡ ಅಜ್ಜಿ ಏನು ಹೇಳುತ್ತಾಳೆ? 'ನಾಲ್ಕು ಇಡ್ಲಿ ತಿಂದು ತಗೋಬಾರದೇನೋ!' ಅವಳ ಆಯುಷ್ಯದಲ್ಲಿ ಕಂಡ ಅಷ್ಟೂ ಡಾಕ್ಟರುಗಳು ಅವಳಿಗೆ ಹೇಳಿದ್ದು ಅದನ್ನೇ.