ಹುಚ್ಚಿಗೊಂದು ಚೀಟಿ

ಮನೆ ನಡೆಸುವ ಹೆಂಗಸಿನ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಹಾಲು, ತರಕಾರಿ, ಗ್ಯಾಸು, ಕರೆಂಟು, ಮಕ್ಕಳ ಫೀಜು, ಅತ್ತೆಯ ಬಿ.ಪಿ. ಮಾತ್ರೆ, ಬೀಗರ ಮನೆಯ ಗೃಹಪ್ರವೇಶಕ್ಕೆ ಉಡುಗೊರೆ, ಎಲ್ಲಕ್ಕೂ ಅಲ್ಲಿ ಒಂದೊಂದು ಸಾಲು ಇರುತ್ತದೆ. ಇಲ್ಲದಿರುವುದು 'ಸುಮ್ಮನೆ ಒಂದು ಆಸೆಗೆ' ಎಂಬ ಸಾಲು ಮಾತ್ರ. ಹಾಗಂತ ಆ ಖರ್ಚು ನಡೆಯುವುದೇ ಇಲ್ಲವೆಂದಲ್ಲ. ನಡೆದರೂ ಅದು ತರಕಾರಿಯ ಲೆಕ್ಕದೊಳಗೆ ಸೊಪ್ಪಿನ ಕಟ್ಟಿನಂತೆ ಅಡಗಿ ಕೂತಿರುತ್ತದೆ.

ಗಂಡಸರ ಹುಚ್ಚಿಗೆ ಮಾತ್ರ ನಮ್ಮ ಕಡೆ ಮೊದಲಿನಿಂದಲೂ ಮರ್ಯಾದೆ ಉಂಟು. ಸುಗ್ಗಿ ಮುಗಿದ ಮೇಲೆ ಊರಿನಲ್ಲಿ ನಾಟಕ ಕಲಿಯಬೇಕೆಂದು ನಾಲ್ಕು ಜನಕ್ಕೆ ಅನ್ನಿಸಿದರೆ ಸಾಕು, ಮನೆಮನೆಯಿಂದ ವಂತಿಗೆ ಎತ್ತುತ್ತಾರೆ. ಹಾರ್ಮೋನಿಯಂ ಮೇಷ್ಟ್ರಿಗೆ ಸಂಬಳ, ಸೀನರಿಗೆ ಬಾಡಿಗೆ, ಭೀಮನ ಗದೆಗೆ ಬಣ್ಣ. 'ಇದರಿಂದ ಊರಿಗೇನು ಲಾಭ?' ಎಂದು ಯಾರೂ ಕೇಳುವುದಿಲ್ಲ. ಗಣಪತಿ ಪಟ್ಟಿಯಾಗಲಿ, ಭಜನೆ ಮನೆಯ ತಬಲವಾಗಲಿ, ಎಲ್ಲವೂ ಹೀಗೇ ನಡೆದು ಬಂದದ್ದು. ವಂತಿಗೆ ಪಟ್ಟಿಯಲ್ಲಿ ಮನೆ ಯಜಮಾನನ ಹೆಸರು ಇರುತ್ತದೆ. ಒಳಗಿನಿಂದ ಮೊರದಲ್ಲಿ ಅಕ್ಕಿ ತಂದು ಸುರಿದವಳ ಹೆಸರು ಇರುವುದಿಲ್ಲ.

ಹೆಸರಿನ ಮಾತು ಬಂದಾಗ ನಮ್ಮ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೆನೆಯದೆ ಇರಲಾಗದು. ಶಾಂತವ್ವ ಎಂಬ ರಾಜಕುಮಾರಿ ಆ ಕೆರೆ ಕಟ್ಟಿಸಲು ಹೊರಟಾಗ ಜಾಗ ಸೂಳೆಯರದ್ದಾಗಿತ್ತಂತೆ. ಕೆರೆಗೆ ತಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆ ಎಂದರಂತೆ ಅವರು. ಅವಳೂ ಮಾತು ಕೊಟ್ಟಳಂತೆ. ಇದು ಜನರ ಬಾಯಲ್ಲಿ ಬಂದ ಕಥೆ. ಆಮೇಲೆ ಮಂದಿಗೆ ಆ ಹೆಸರು ಹೇಳಲು ಸಂಕೋಚವಾಯಿತು, ಬೋರ್ಡಿನ ಮೇಲೆ 'ಶಾಂತಿಸಾಗರ' ಬಂತು. ಹೊಲ ನೆನೆಯುವುದು ಮಾತ್ರ ಅದೇ ನೀರಿನಿಂದ. ಕೊಟ್ಟವರು ಕೇಳಿದ್ದು ಹೆಸರೊಂದನ್ನೇ, ಅದನ್ನೂ ಉಳಿಸಿಕೊಡಲು ನಮ್ಮಿಂದ ಆಗಲಿಲ್ಲವಲ್ಲ ಎಂದು ಕೆರೆ ಏರಿಯ ಮೇಲೆ ಬಸ್ಸು ಹೋಗುವಾಗೆಲ್ಲ ನನಗೆ ಅನ್ನಿಸುತ್ತದೆ.

ಹೆಂಗಸರ ಕೈಗೆ ಹಣ ಬಂದೇ ಇಲ್ಲವೆಂದು ಹೇಳಿದರೆ ತಪ್ಪಾದೀತು. 2000-01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾಯಿತು. ಅಂಗನವಾಡಿ ಕಾರ್ಯಕರ್ತೆಯರು ಮನೆಮನೆ ತಿರುಗಿ ಸಂಘ ಕಟ್ಟಿಸಿದರು. ಆಗ ಸಂಘಕ್ಕೆ ಐದು ಸಾವಿರ ರೂಪಾಯಿ ಸುತ್ತುನಿಧಿ. ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಬಡ್ಡಿಯವನ ಕಾಟ ತಪ್ಪಿದೆ. ಆದರೆ ಸುತ್ತುನಿಧಿ ಎಂದ ಮೇಲೆ ಅದು ಸುತ್ತಿ ವಾಪಸು ಬರಲೇಬೇಕಲ್ಲ. ವಾಪಸು ಬರಬೇಕಾದ ಹಣಕ್ಕೆ ಗೊತ್ತಿರುವ ದಾರಿಗಳೂ ಕೆಲವೇ. ಹಪ್ಪಳ, ಉಪ್ಪಿನಕಾಯಿ, ಮೇಕೆಮರಿ, ಹೊಲಿಗೆ ಯಂತ್ರ. ಅಜ್ಜಿಯ ಹಾಡನ್ನು ಬರೆದಿಡುತ್ತೇನೆ ಎಂದರೆ ಯಾವ ಸಂಘ ಸಾಲ ಕೊಟ್ಟೀತು? ಹಾಡು ಬಡ್ಡಿ ಕಟ್ಟುವುದಿಲ್ಲ.

ನಮ್ಮ ಬೀದಿಯ ಹೆಂಗಸರದೊಂದು ಚೀಟಿ ಇದೆ. ಹನ್ನೆರಡು ಜನ, ತಿಂಗಳಿಗೆ ತಲಾ ಸಾವಿರ ರೂಪಾಯಿ. ಹೆಸರು ಎತ್ತಿದವರಿಗೆ ಹನ್ನೆರಡು ಸಾವಿರ. ಒಂದು ದಿನ ಚೀಟಿಗೆ ಸೇರಿದ್ದಾಗ ಬೆಂಗಳೂರಿನಿಂದ ಬಂದಿದ್ದ ನಮ್ಮ ಪಕ್ಕದ ಮನೆಯ ಹುಡುಗಿ ಒಂದು ಸುದ್ದಿ ಹೇಳಿದಳು. 2009ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹತ್ತು ಜನ ಸೇರಿ ನಮ್ಮಂತೆಯೇ ಒಂದು ಚೀಟಿ ಮಾಡಿದರು. ಆಸಮ್ ಫೌಂಡೇಶನ್ ಎಂದು ಅದಕ್ಕೆ ಹೆಸರು. ತಿಂಗಳಿಗೆ ತಲಾ ನೂರು ಡಾಲರ್, ಒಟ್ಟು ಸಾವಿರ. ಆದರೆ ಹಣ ಹಾಕಿದವರು ಅದನ್ನು ತೆಗೆದುಕೊಳ್ಳುವುದಿಲ್ಲ. ಹೊರಗಿನ ಯಾರಾದರೂ ವಿಚಿತ್ರವಾದ, ಚೆಂದವಾದ ಯೋಚನೆ ಇಟ್ಟುಕೊಂಡು ಬಂದರೆ ಅವರ ಕೈಗೆ ಕೊಟ್ಟುಬಿಡುತ್ತಾರೆ. ಸಾಲವಲ್ಲ, ಪಾಲೂ ಅಲ್ಲ. ಮೊದಮೊದಲು ಕೊಟ್ಟದ್ದರಲ್ಲಿ ಒಂದು, ಊರಿನವರೆಲ್ಲ ಹತ್ತಿ ಮಲಗಬಹುದಾದ ಭಾರೀ ಜೋಲಿ ಕಟ್ಟುವುದಕ್ಕೆ. ಆಮೇಲೆ ಎಷ್ಟೋ ದೇಶಗಳ ಊರುಗಳಲ್ಲಿ ಇಂಥ ಹತ್ತು ಹತ್ತು ಜನರ ಗುಂಪುಗಳು ಹುಟ್ಟಿಕೊಂಡವು.

"ಜೋಲಿ ಕಟ್ಟಾಕೆ ದುಡ್ಡಾ? ಅವರಿಗೆ ಮಾಡಾಕೆ ಬ್ಯಾರೆ ಕೆಲಸ ಇಲ್ಲೇನವ್ವಾ!" ಎಂದು ನಮ್ಮಲ್ಲಿ ಹಿರಿಯರಾದ ದೊಡ್ಡಮ್ಮ ನಕ್ಕರು. ಎಲ್ಲರೂ ನಕ್ಕೆವು. ನಗು ಮುಗಿದ ಮೇಲೂ ಆ ಮಾತು ಮಾತ್ರ ಹೋಗಲಿಲ್ಲ.

ದೂರದ ಅಮೆರಿಕವೇ ಯಾಕೆ, ನಮ್ಮ ಬೆಂಗಳೂರಿನಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆ ಇದೆ. 1993ರಲ್ಲಿ ಹುಟ್ಟಿ 1995ರಿಂದ ಕಲೆಯ ಕೆಲಸಗಳಿಗೆ ಧನಸಹಾಯ ಕೊಡುತ್ತ ಬಂದಿದೆ. 'ಕಲಿ-ಕಲಿಸು' ಎಂಬ ಅದರ ಕಾರ್ಯಕ್ರಮದಲ್ಲಿ ನಮ್ಮ ಸರ್ಕಾರಿ ಶಾಲೆಗಳ ಮೇಷ್ಟ್ರು, ಮೇಡಂಗಳು ತಮ್ಮ ಊರಿನ ಹಾಡು, ಆಟ, ಕಸುಬುಗಳನ್ನು ಮಕ್ಕಳ ಪಾಠದೊಳಕ್ಕೆ ತರಲು ಸಹಾಯ ಪಡೆದಿದ್ದಾರೆ. ಆದರೆ ಅಲ್ಲಿಗೆ ಅರ್ಜಿ ಬರೆಯಬೇಕು, ಯೋಜನೆ ವಿವರಿಸಬೇಕು. ಅಷ್ಟು ಬರೆಯಬಲ್ಲವರಿಗೆ ಅದು ಸರಿ. ಬರೆಯಲಾರದ, ಬರೀ ಮಾತಿನಲ್ಲಿ ಹೇಳಬಲ್ಲ ಸಣ್ಣ ಆಸೆಗೆ?

ಹಾಗೆ ಶುರುವಾಯಿತು ನಮ್ಮ ಹುಚ್ಚಿನ ಚೀಟಿ. ಮೂರು ತಿಂಗಳಿಗೊಮ್ಮೆ ತಲಾ ನೂರು ರೂಪಾಯಿ ಹೆಚ್ಚಿಗೆ, ಒಟ್ಟು ಹನ್ನೆರಡು ನೂರು. ನಿಯಮಗಳೂ ಮೂರೇ. ಕೇಳುವವರು ಬಾಯಲ್ಲಿ ಹೇಳಿದರೆ ಸಾಕು. ಹಣ ವಾಪಸು ಕೊಡಬೇಕಾಗಿಲ್ಲ. ಕೆಲಸವಾದ ಮೇಲೆ ನಮ್ಮನ್ನು ಕರೆದು ತೋರಿಸಬೇಕು. ರಸೀದಿ ಕೇಳಬೇಕೋ ಬೇಡವೋ ಎಂದು ಒಂದು ಸಂಜೆಯೆಲ್ಲ ಜಗಳವಾಯಿತು. ಕೊನೆಗೆ ದೊಡ್ಡಮ್ಮನೇ, "ಹನ್ನೆರಡು ನೂರಕ್ಕೆ ರಸೀದಿ ಕೇಳಿದ್ರೆ ಆಕೆ ರಸೀದಿ ಹುಡುಕ್ತಾ ಕುಂದರ್ತಾಳೆ, ಹಾಡು ಮರೀತಾಳೆ" ಎಂದು ತೀರ್ಪು ಕೊಟ್ಟರು.

ಮೊದಲು ಕೇಳಲು ಬಂದವಳು ನಮ್ಮೂರಿನ ಅಡಿಕೆ ಸುಲಿಯುವ ಹೆಂಗಸು. ಚನ್ನಗಿರಿಯ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಕೊಯ್ಲು ಶುರುವಾದರೆ ರಾತ್ರಿಯವರೆಗೆ ಹಸಿ ಅಡಿಕೆಯ ರಾಶಿಯ ಸುತ್ತ ಕೂತು ಸುಲಿಯುತ್ತಾರೆ. ನಿದ್ದೆ ಬರಬಾರದೆಂದು ಕಥೆ, ಒಗಟು, ತಮಾಷೆ. ಈಗ ಸುಲಿಯುವ ಮಿಷನ್ ಬಂದು ಗುಂಪುಗಳು ಕರಗುತ್ತಿವೆ. "ಅಕ್ಕಾರೆ, ಒಗಟಿನ ಪಂದ್ಯ ಇಡಬೇಕು, ಗೆದ್ದೋರಿಗೆ ಸ್ಟೀಲ್ ಡಬ್ಬಿ ಕೊಡಬೇಕು" ಎಂದಳು. ಡಬ್ಬಿಗಳಿಗೆ, ಚಹಾಕ್ಕೆ, ಮಂಡಕ್ಕಿಗೆ ಹಣ ಸರಿಹೋಯಿತು. ಆ ರಾತ್ರಿ ಅರವತ್ತು ದಾಟಿದ ಒಬ್ಬ ಮುದುಕಿ, ಹಸಿರು ಸೀರೆ ಬಿಚ್ಚಿಸಿಕೊಂಡು, ಬಿಸಿನೀರು ಮಿಂದು, ಕೆಂಪಗಾಗಿ ಬಿಸಿಲಿಗೆ ಕೂತವಳು ಯಾರು ಎಂದು ಕೇಳಿದಳು. ಕೈಯಲ್ಲೇ ಅಡಿಕೆ ಹಿಡಿದುಕೊಂಡು ಎಲ್ಲರೂ ಉತ್ತರ ಹುಡುಕುತ್ತಿದ್ದರು! ಜೀವಮಾನದಲ್ಲಿ ಕೂಲಿಯಲ್ಲದೆ ಬೇರೇನೂ ಗೆದ್ದವಳಲ್ಲ ಆಕೆ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವಳ ಮುಖ ನೋಡಿದ ಮೇಲೆ ನೂರು ರೂಪಾಯಿಯ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಸುದ್ದಿ ಸಂಬಂಧಿಕರ ಬಾಯಲ್ಲಿ ಹೊನ್ನಾಳಿಗೆ ಹೋಯಿತು. ತುಂಗಭದ್ರೆಯ ದಡದ ಊರೊಂದರ ಸೊಸೆ ಅತ್ತೆಯ ಬೀಸುವ ಹಾಡು, ಸೋಬಾನೆ ಹಾಡುಗಳನ್ನು ಬರೆದಿಡಬೇಕೆಂದಳು. ದಪ್ಪ ನೋಟುಪುಸ್ತಕ, ಪೆನ್ನು, ಪಕ್ಕದ ಹಳ್ಳಿಯಲ್ಲಿದ್ದ ಅತ್ತೆಯ ಗೆಳತಿಯನ್ನು ಆಟೋದಲ್ಲಿ ಕರೆತರುವ ಖರ್ಚು. ನ್ಯಾಮತಿಯ ಕಡೆಯಿಂದ ಒಬ್ಬ ಲಂಬಾಣಿ ಹುಡುಗಿ ಬಂದಳು. ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವ ತಾಲ್ಲೂಕು ಅದು. ತಾಂಡಾದಲ್ಲಿ ಅಜ್ಜಿಯ ಕಾಂಚಳಿ ಹರಿದುಹೋಗುತ್ತಿದೆ, ಅದರ ಒಂದೊಂದು ಹೊಲಿಗೆಯನ್ನೂ ಬೇರೆ ಬಟ್ಟೆಯ ಮೇಲೆ ಎತ್ತಿಕೊಳ್ಳಬೇಕು, ದಾರಕ್ಕೂ ಕನ್ನಡಿ ಚೂರಿಗೂ ಹಣ ಬೇಕು ಎಂದಳು. "ಮಾರ್ತೀಯೇನಮ್ಮಾ?" ಎಂದು ನಮ್ಮಲ್ಲೊಬ್ಬರು ಕೇಳಿದರು. "ಇಲ್ರೀ, ಕಲ್ತಕಂತೀನಿ" ಎಂದಳು.

ಜಗಳೂರು ನಮಗೆ ದೂರ, ಅಲ್ಲಿಯ ನೆಲವೇ ಬೇರೆ. ನಮ್ಮಲ್ಲಿ ಭದ್ರೆಯ ಕಾಲುವೆ, ಅಲ್ಲಿ ಮಳೆ ನಂಬಿದ ಹೊಲ. ತುಂಗಭದ್ರೆಯ ನೀರನ್ನು 57 ಕೆರೆಗಳಿಗೆ ತುಂಬಿಸುವ ದೊಡ್ಡ ಯೋಜನೆಯ ಮಾತು ಅಲ್ಲಿ ಮನೆಮನೆಯದು. ಅಲ್ಲಿಯ ಶಾಲೆಯ ಒಬ್ಬ ಮೇಡಂ, ನನ್ನ ತಂಗಿಯ ಗೆಳತಿ, ಕೇಳಿದ್ದು ಒಂದಿಷ್ಟು ಬಣ್ಣ. ಊರಿನಲ್ಲಿ ಬತ್ತಿಹೋದ, ಮುಚ್ಚಿಹೋದ ಬಾವಿಗಳ ಹೆಸರನ್ನು ಮಕ್ಕಳು ಅಜ್ಜಿಯರಿಂದ ಕೇಳಿ ಬಂದು ಶಾಲೆಯ ಗೋಡೆಯ ಮೇಲೆ ನಕ್ಷೆ ಬರೆಯುತ್ತಾರೆ ಎಂದರು. ನಾವು ನೋಡಲು ಹೋದಾಗ ಗೋಡೆಯ ಮೇಲೆ ಹದಿನಾಲ್ಕು ನೀಲಿ ಚುಕ್ಕೆಗಳಿದ್ದವು. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತಿತ್ತು, ಯಾವುದರಲ್ಲಿ ಬೇಯುತ್ತಿರಲಿಲ್ಲ ಎಂಬುದನ್ನು ಮಕ್ಕಳು ಗಿಣಿಯಂತೆ ಹೇಳಿದರು. ಹೊತ್ತು ತಂದವರಿಗಲ್ಲದೆ ಆ ಲೆಕ್ಕ ಇನ್ಯಾರಿಗೆ ಗೊತ್ತಿದ್ದೀತು?

ಎಲ್ಲವೂ ಹೀಗೆ ಚೆಂದವಾಗಿ ಮುಗಿಯಿತೆಂದು ತಿಳಿಯಬೇಡಿ. ರಟ್ಟಿನ ಗೊಂಬೆಯಾಟ ಮಾಡುತ್ತೇವೆಂದ ಹುಡುಗರು ಮಳೆಯಲ್ಲಿ ಗೊಂಬೆ ನೆನೆಸಿ ಮುದ್ದೆ ಮಾಡಿಟ್ಟರು. ಕೈತೋಟದಲ್ಲಿ ಮರೆತ ಸೊಪ್ಪುಗಳನ್ನೆಲ್ಲ ಬೆಳೆಸುತ್ತೇನೆ ಎಂದವಳ ಸೊಪ್ಪನ್ನು ಮೇಕೆ ಮೇಯ್ದಿತು. ಹೋಗಲಿ, ನಾಟಕದಲ್ಲಿ ಭೀಮ ಮಾತು ಮರೆತಾಗ ವಂತಿಗೆ ವಾಪಸು ಕೇಳಿದವರುಂಟೇ?

ನಿಜವಾದ ಪ್ರಶ್ನೆ ಬಂದದ್ದು ನಮ್ಮೊಳಗಿನಿಂದಲೇ. ಚೀಟಿಯ ಒಬ್ಬ ಗೆಳತಿ, ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಿಯಾದವರು, ನೇರ ಮಾತಿನವರು. "ಇದೇ ಹನ್ನೆರಡು ನೂರು ಒಂದು ಬಡ ಹುಡುಗಿಯ ಪುಸ್ತಕಕ್ಕೆ ಆಗ್ತಿತ್ತು. ಒಗಟಿಗೆ, ಬಣ್ಣಕ್ಕೆ ಹಾಕೋಕೆ ನನಗೆ ಮನಸ್ಸು ಒಪ್ಪಲ್ಲ" ಎಂದರು. ತಮ್ಮ ನೂರು ರೂಪಾಯಿಯನ್ನು ಬೇರೆಯಾಗಿ ಶಾಲೆಯ ಹುಡುಗಿಯೊಬ್ಬಳಿಗೆ ಕೊಡತೊಡಗಿದರು. ಅವರ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಹಸಿವಿನ ಮುಂದೆ ಹಾಡು ದೊಡ್ಡದು ಎಂದು ಹೊಟ್ಟೆ ತುಂಬಿದ ನಾನು ಹೇಳಲಾರೆ.

ಆದರೂ ಒಂದು ಮಾತಿದೆ. ಬಡವಳಿಗೆ ಪುಸ್ತಕ ಬೇಕು, ಮಾತ್ರೆ ಬೇಕು ಎಂದು ನಾವೆಲ್ಲ ಒಪ್ಪುತ್ತೇವೆ. ಅವಳಿಗೂ ಒಂದು ಹುಚ್ಚು ಇರಬಹುದು, ಅದಕ್ಕೂ ಒಬ್ಬರು ಕೈ ನೀಡಬಹುದು ಎಂದು ಮಾತ್ರ ನಮಗೆ ತೋಚುವುದಿಲ್ಲ. ಸಹಾಯ ಕೇಳಲು ಬರುವ ಹೆಂಗಸು ಕಷ್ಟವನ್ನೇ ಹೇಳಬೇಕು, ಕಣ್ಣೀರನ್ನೇ ತೋರಿಸಬೇಕು. ನಮ್ಮ ಚೀಟಿಗೆ ಬಂದವರು ತಮಗೆ ಏನು ಬರುತ್ತದೆ ಎಂದು ಹೇಳಿದರು. ಅಡಿಕೆ ಸುಲಿಯುವವಳು ನಮ್ಮ ಜಗಲಿಯ ಮೇಲೆ ಕೂತು ಮಾತಾಡಿದ್ದು ಬೇಡುವವಳಂತಲ್ಲ, ಊರಿಗೆ ಏನನ್ನೋ ಕೊಡಲು ಬಂದವಳಂತೆ.

ಹೊನ್ನಾಳಿಯ ಅತ್ತೆ ಹೋದ ಚಳಿಗಾಲದಲ್ಲಿ ತೀರಿಕೊಂಡರು. ನೋಟುಪುಸ್ತಕದಲ್ಲಿ ನಲವತ್ತೊಂದು ಹಾಡುಗಳಾಗಿದ್ದವು. ನಲವತ್ತೆರಡನೆಯದು ಎರಡು ಸಾಲಿಗೇ ನಿಂತಿದೆ. 'ನಾಳೆ ಹೇಳ್ತೀನಿ, ಈಗ ನೆನಪಾಗವಲ್ದು' ಎಂದಿದ್ದರಂತೆ. ಇನ್ನೂ ಎಷ್ಟು ಹಾಡು ಇದ್ದವೋ, ಅವರೊಂದಿಗೇ ಹೋದವು. ಸೊಸೆ ಪುಸ್ತಕ ತಂದು ತೋರಿಸಿದಾಗ ಆ ಎರಡು ಸಾಲಿನ ಕೆಳಗಿನ ಖಾಲಿ ಹಾಳೆಯನ್ನು ನಾವೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದೆವು. ನರ್ಸಮ್ಮನೂ ಅಲ್ಲಿದ್ದರು. ಏನೂ ಹೇಳಲಿಲ್ಲ, ಪುಸ್ತಕವನ್ನು ಸ್ವಲ್ಪ ಹೆಚ್ಚು ಹೊತ್ತು ಇಟ್ಟುಕೊಂಡರು.

ನಿಮ್ಮ ಬೀದಿಯಲ್ಲೂ ಚೀಟಿ ಇದ್ದೇ ಇರುತ್ತದೆ. ಸಂಘ ನೋಂದಾಯಿಸುವುದು ಬೇಡ, ಬೋರ್ಡು ಬೇಡ, ಉದ್ಘಾಟನೆಗೆ ಯಾರನ್ನೂ ಕರೆಯುವುದು ಬೇಡ. ನೂರು ಆಗದಿದ್ದರೆ ಐವತ್ತು. ಕೇಳುವವರನ್ನು ಪೂರ್ತಿ ಮಾತಾಡಲು ಬಿಡಿ, ಅಷ್ಟು ಸಾಕು.

ಬರುವ ತಿಂಗಳು ನಮ್ಮಲ್ಲಿ ಮತ್ತೆ ಹುಚ್ಚಿನ ಚೀಟಿಯ ಸರದಿ. ಸಂತೇಬೆನ್ನೂರಿನ ಒಬ್ಬಾಕೆ, ಪುಷ್ಕರಣಿಯ ಮೆಟ್ಟಿಲಿನಷ್ಟು ಬಗೆಯ ರಂಗೋಲಿ ತನಗೆ ಬರುತ್ತದೆ, ಎಲ್ಲವನ್ನೂ ಒಂದೇ ದಿನ ಬೀದಿಯುದ್ದಕ್ಕೂ ಹಾಕಬೇಕು ಎಂದು ಹೇಳಿ ಕಳಿಸಿದ್ದಾಳೆ. ರಂಗೋಲಿ ಪುಡಿ ಎಷ್ಟು ಸೇರು ಬೇಕಾದೀತು ಎಂದು ದೊಡ್ಡಮ್ಮ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದಾರೆ.