ತುಮಕೂರಿನ ಬೆಳಗಿನ ರೈಲು

ಪ್ರವಾಸ ಲೇಖನವೆಂದೊಡನೆ ಪುಣ್ಯಕ್ಷೇತ್ರ, ಗಿರಿಶಿಖರ, ಜಲಪಾತಗಳ ವರ್ಣನೆಯನ್ನು ಓದುಗರು ನಿರೀಕ್ಷಿಸುವುದು ಸಹಜವೇ ಆಗಿದೆ. ಆದರೆ ನಮ್ಮ ಅನೇಕ ಮನೆಗಳಲ್ಲಿ ದಿನನಿತ್ಯವೂ ಒಂದು ಪ್ರವಾಸ ನಡೆಯುತ್ತಿರುತ್ತದೆ. ನಸುಕಿನಲ್ಲಿ ಹೊರಟು ರಾತ್ರಿ ಮರಳುವ ಆ ಪ್ರವಾಸಕ್ಕೆ ಬುತ್ತಿಯುಂಟು, ಸಂಗಾತಿಗಳುಂಟು, ಆಯಾಸವೂ ಉಂಟು. ಅದನ್ನು ಪ್ರವಾಸವೆಂದು ಕರೆಯುವವರು ಮಾತ್ರ ಇಲ್ಲ. ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬಂದು ಸಂಸಾರ ನಡೆಸುವ ಉದ್ಯೋಗಿಗಳೊಡನೆ ಕೆಲವು ದಿನ ಪ್ರಯಾಣ ಮಾಡುವ ಸಂದರ್ಭ ನಮಗೆ ಒದಗಿತ್ತು. ಅಲ್ಲಿ ಕಂಡ ಬದುಕನ್ನು ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ತುಮಕೂರು ದೊಡ್ಡ ನಗರವೇನೂ ಅಲ್ಲ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 3 ಲಕ್ಷ. ತೆಂಗಿನ ತೋಟಗಳ ನಡುವಿನ ಈ ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಸಾರ್ಥಕವಾಗಿದೆ. ಚಿಕ್ಕಪೇಟೆಯ ಹಳೆಯ ಮನೆಗಳು, ಅಮಾನಿಕೆರೆಯ ಏರಿಯ ಮೇಲಿನ ತಂಗಾಳಿ, ಬೆಳಗಿನ ಹೂವಿನ ವ್ಯಾಪಾರ, ಸಂಜೆ ಬಾಗಿಲ ಮುಂದೆ ಕುಳಿತು ಮಾತನಾಡುವ ಹಿರಿಯರು, ಇವೆಲ್ಲ ಸೇರಿ ಊರಿಗೆ ಒಂದು ನೆಮ್ಮದಿಯನ್ನು ಕೊಟ್ಟಿವೆ. ಆದರೆ ಬೆಳಿಗ್ಗೆ ನಿಲ್ದಾಣದ ಕಡೆಗೆ ಹೊರಟರೆ ಇನ್ನೊಂದು ತುಮಕೂರು ಕಣ್ಣಿಗೆ ಬೀಳುತ್ತದೆ. ಒದ್ದೆ ಕೂದಲು, ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ, ಗಡಿಯಾರದ ಮೇಲೆ ಕಣ್ಣು. ಇವರ ಹಗಲು ಬೆಂಗಳೂರಿನದು, ಇರುಳು ಮಾತ್ರ ತುಮಕೂರಿನದು.

ಈ ಮಾರ್ಗಕ್ಕೆ ದೀರ್ಘ ಇತಿಹಾಸವಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1880ರ ದಶಕದಲ್ಲಿ, ಬೆಂಗಳೂರಿನಿಂದ ಇತ್ತ ಮೀಟರ್ ಗೇಜ್ ಹಳಿ ಹಾಕಲಾಯಿತು. ಅದೇ ಮುಂದೆ ಹರಿಹರದವರೆಗೆ ಬೆಳೆದು ಉತ್ತರ ಕರ್ನಾಟಕಕ್ಕೆ ಹೆಬ್ಬಾಗಿಲಾಯಿತು. ಬಳಿಕ ಬ್ರಾಡ್ ಗೇಜ್ ಬಂದಿತು, ಜೋಡಿ ಹಳಿ ಬಂದಿತು, ವಿದ್ಯುದೀಕರಣವೂ ಆಯಿತು. 2024ರಲ್ಲಿ ತುಮಕೂರು ಮತ್ತು ಯಶವಂತಪುರಗಳ ನಡುವೆ ಮೆಮು ರೈಲು ಆರಂಭವಾಯಿತು. ಎರಡು ನಗರಗಳ ನಡುವಿನ ಅಂತರ ಸುಮಾರು 70 ಕಿಲೋಮೀಟರು. ವೇಗದ ರೈಲು ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ತಲುಪಿಸಿದರೆ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ರೈಲಿಗೆ ಎರಡು ಗಂಟೆಯೂ ಹಿಡಿಯಬಹುದು.

ರೈಲು ಹೊರಟ ಕೆಲವೇ ನಿಮಿಷಗಳಲ್ಲಿ ಕ್ಯಾತಸಂದ್ರ ಬರುತ್ತದೆ. ತಟ್ಟೆ ಇಡ್ಲಿಗೆ ಹೆಸರಾದ ಊರಿದು. ಸಮೀಪದಲ್ಲಿಯೇ ಶ್ರೀ ಸಿದ್ಧಗಂಗಾ ಕ್ಷೇತ್ರ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತ ಬಂದಿರುವ ಆ ನೆಲವನ್ನು ದಾಟುವಾಗ ಕೆಲವರು ಕುಳಿತಲ್ಲಿಯೇ ಕೈಮುಗಿಯುವುದನ್ನು ಕಂಡೆವು. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಪರಮಪೂಜ್ಯ ಶಿವಕುಮಾರ ಮಹಾಸ್ವಾಮಿಗಳನ್ನು ನೆನೆದು ಒಬ್ಬ ಹಿರಿಯರು, "ನಾವು ದಣಿದೆವು ಎನ್ನುವುದಕ್ಕೆ ನಾಚಿಕೆಯಾಗುತ್ತದೆ" ಎಂದರು. ಶಿವರಾತ್ರಿಯ ಜಾತ್ರೆಯ ದಿನಗಳಲ್ಲಿ ಪ್ರತಿನಿತ್ಯದ ಪ್ರಯಾಣಿಕರಿಗೆ ಭಕ್ತಾದಿಗಳು ಜೊತೆಯಾಗುತ್ತಾರೆ.

ಮುಂದೆ ಹಿರೇಹಳ್ಳಿ, ಡಾಬಸ್‌ಪೇಟೆ, ನಿಡವಂದ. ಡಾಬಸ್‌ಪೇಟೆ ಎಂಬುದು 19ನೆಯ ಶತಮಾನದ ಆಂಗ್ಲ ಅಧಿಕಾರಿ ಡಾಬ್ಸ್ ಅವರ ಹೆಸರಿನಿಂದ ಬಂದದ್ದು. ಇಲ್ಲಿ ಬಲಗಡೆಯ ಕಿಟಕಿಯಿಂದ ಶಿವಗಂಗೆಯ ಬೆಟ್ಟ ಗೋಚರಿಸುತ್ತದೆ. ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಸರ್ಪದಂತೆ ಈ ಬೆಟ್ಟ ಕಾಣುವುದೆಂದು ಹಿಂದಿನಿಂದ ಬಂದ ಮಾತು. ದೂರದಿಂದ ಜನ ಬಂದು ಏರುವ ಈ ಬೆಟ್ಟದ ಎದುರಿನಲ್ಲಿ ನಮ್ಮ ಬೋಗಿಯ ಅರ್ಧದಷ್ಟು ಮಂದಿ ಕಣ್ಣುಮುಚ್ಚಿ ತೂಕಡಿಸುತ್ತಿದ್ದರು. ಮರಳುವಾಗ ಕತ್ತಲೆ. "ವರ್ಷಗಳಿಂದ ಓಡಾಡುತ್ತಿದ್ದೇನೆ, ಬೆಟ್ಟವನ್ನು ಸರಿಯಾಗಿ ನೋಡಿದ್ದು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗಲೇ" ಎಂದು ಒಬ್ಬರು ನಕ್ಕರು.

ಬೋಗಿಯೊಳಗಿನದು ಒಂದು ಬೇರೆಯೇ ಸಂಸಾರ. ಯಾರು ಎಲ್ಲಿ ಕೂರಬೇಕೆಂಬುದು ಲಿಖಿತವಲ್ಲದ ನಿಯಮ. ಒಂದು ದಿನ ಒಬ್ಬರು ಬಾರದಿದ್ದರೆ ಮನೆಗೆ ದೂರವಾಣಿ ಹೋಗುತ್ತದೆ. ಒಂದು ಮೂಲೆಯಲ್ಲಿ ದಿನಪತ್ರಿಕೆ ಹಾಳೆಹಾಳೆಯಾಗಿ ಹತ್ತು ಕೈಗಳನ್ನು ಸುತ್ತುತ್ತದೆ. ಇನ್ನೊಂದು ಮೂಲೆಯಲ್ಲಿ ಪರೀಕ್ಷೆಗೆ ಓದುವ ವಿದ್ಯಾರ್ಥಿ. ಮಹಿಳೆಯರ ಬೋಗಿಯಲ್ಲಿ ಚಳಿಗಾಲದ ಸಂಜೆ ಅವರೆಕಾಯಿ ಸುಲಿಯುವ ಕೆಲಸ ಸಾಗಿರುತ್ತದೆ. ಮನೆ ಮುಟ್ಟುವ ವೇಳೆಗೆ ರಾತ್ರಿಯ ಅಡುಗೆಯ ಅರ್ಧ ಸಿದ್ಧತೆ ಮುಗಿದಿರುತ್ತದೆ. ಆಯುಧಪೂಜೆಯ ಸಮಯದಲ್ಲಿ ಬಾಳೆಕಂದು, ಮಾವಿನ ತೋರಣ ಕಟ್ಟಿ ತಮ್ಮ ರೈಲಿಗೆ ಪೂಜೆ ಸಲ್ಲಿಸುವ ವಾಡಿಕೆಯೂ ಇಲ್ಲಿದೆ. ಅನ್ನ ಕೊಡುವ ಸಾಧನವನ್ನು ಗೌರವಿಸುವ ಈ ಸಂಪ್ರದಾಯ ನಮಗೆ ಬಹು ಮೆಚ್ಚುಗೆಯಾಯಿತು.

ಚಿಕ್ಕಬಾಣಾವರ ದಾಟಿದೊಡನೆ ಎಲ್ಲರೂ ಚೀಲ ಹೆಗಲಿಗೇರಿಸುತ್ತಾರೆ. ಯಶವಂತಪುರದಲ್ಲಿ ಬಹುಪಾಲು ಜನ ಇಳಿದು, 2014ರಲ್ಲಿ ಅಲ್ಲಿಗೆ ಬಂದ ಮೆಟ್ರೊ ನಿಲ್ದಾಣದ ಕಡೆಗೋ ಬಸ್ಸಿನ ಕಡೆಗೋ ಓಡುತ್ತಾರೆ. ಉಳಿದವರಿಗೆ ಮಲ್ಲೇಶ್ವರ, ಕೊನೆಯ ಬೆಂಗಳೂರು.

ಇಷ್ಟು ಶ್ರಮವೇಕೆ, ಬೆಂಗಳೂರಿನಲ್ಲಿಯೇ ಮನೆ ಮಾಡಬಾರದೇ ಎಂದು ಕೇಳಿದೆವು. ಉತ್ತರಗಳಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಅಲ್ಲಿ ಬಾಡಿಗೆ ಹೆಚ್ಚು; ಇಲ್ಲಿ ತಂದೆ ಕಟ್ಟಿಸಿದ ಮನೆಯಿದೆ. ಅಲ್ಲಿ ವೃದ್ಧ ತಾಯಿಗೆ ಮಾತನಾಡುವವರಿಲ್ಲ. ಇಲ್ಲಿ ಓಣಿಯೆಲ್ಲ ನೆಂಟರು. ಹಳ್ಳಿಯಲ್ಲಿ ನಾಲ್ಕು ತೆಂಗಿನ ಗಿಡಗಳಿವೆ, ವಾರಕ್ಕೊಮ್ಮೆ ಹೋಗಿ ನೋಡಬೇಕು. ಕೂಡುಕುಟುಂಬ ಒಡೆಯದಂತೆ ಕಾಪಾಡಿರುವುದು ಒಂದು ಮಾಸಿಕ ಪಾಸು ಎಂದರೆ ಅತಿಶಯೋಕ್ತಿಯಾಗಲಾರದು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಮಹಾಮಾರಿಯ ಕಾರಣ ರೈಲುಗಳು ನಿಂತು, ಬಹುಕಾಲ ಪಾಸಿನ ಸೌಲಭ್ಯವೂ ಇಲ್ಲವಾದಾಗ ಇದರ ಬೆಲೆ ಅನೇಕರಿಗೆ ಅರಿವಾಯಿತು.

ಆದರೆ ಈ ಸೌಲಭ್ಯಕ್ಕೆ ತೆರಬೇಕಾದ ಬೆಲೆ ಪಾಸಿನ ಹಣವಷ್ಟೇ ಅಲ್ಲ. ದಿನಕ್ಕೆ 140 ಕಿಲೋಮೀಟರು, ತಿಂಗಳಿಗೆ 24 ದಿನವೆಂದು ಹಿಡಿದರೂ ವರ್ಷಕ್ಕೆ 40 ಸಾವಿರ ಕಿಲೋಮೀಟರಿಗೂ ಮೇಲಾಯಿತು. ಭೂಮಿಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ. ಪ್ರತಿವರ್ಷ ಒಮ್ಮೆ ಭೂಪ್ರದಕ್ಷಿಣೆ ಮಾಡುವ ಈ ಗೃಹಸ್ಥನಿಗೆ ತನ್ನ ಮಗುವಿನ ಶಾಲೆಯ ಹಾದಿ ತಿಳಿದಿರುವುದಿಲ್ಲ. ಒಬ್ಬ ಯುವಕರ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. ಅವರ ಮಗು ಮೊದಲ ಹೆಜ್ಜೆಯಿಟ್ಟ ಸುದ್ದಿಯನ್ನು ಅವರ ತಾಯಿ ದೂರವಾಣಿಯಲ್ಲಿ ತಿಳಿಸಿದಾಗ ರೈಲು ದೊಡ್ಡಬೆಲೆಯಲ್ಲಿ ನಿಂತಿತ್ತಂತೆ. ಮನೆ ಸೇರಿದಾಗ ಮಗು ನಿದ್ರಿಸಿತ್ತು. ಅದನ್ನು ಹೇಳುವಾಗ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಉದ್ಯೋಗಸ್ಥ ಮಹಿಳೆಯರ ಪಾಡು ಇನ್ನೂ ಕಠಿಣ. ಎಲ್ಲರಿಗಿಂತ ಮೊದಲೇ ಎದ್ದು, ಮನೆಮಂದಿಗೆಲ್ಲ ಅಡುಗೆ ಮಾಡಿಟ್ಟು, ಮಕ್ಕಳ ಡಬ್ಬಿ ಕಟ್ಟಿ ಹೊರಡುವವರು, ರಾತ್ರಿ ಬಂದು ಮತ್ತೆ ಒಲೆಯ ಮುಂದೆ ನಿಲ್ಲುತ್ತಾರೆ. ಬೋಗಿಯಲ್ಲಿ ಕುಳಿತ ಆ ಎರಡು ಗಂಟೆಯೇ ತಮಗೆ ವಿಶ್ರಾಂತಿ ಎಂದು ಒಬ್ಬ ಸೋದರಿ ಹೇಳಿದಾಗ ನಮಗೆ ಮಾತು ಹೊರಡಲಿಲ್ಲ. ಮನೆಯೆಂಬುದು ವಿಶ್ರಾಂತಿಯ ತಾಣವಾಗದೆ, ರೈಲಿನ ಮರದಂಥ ಆಸನವೇ ಹಾಗಾಗುವುದು ಯಾವ ಕುಟುಂಬಕ್ಕೂ ಶೋಭೆಯಲ್ಲ.

ದುಡಿಯಲು ದೂರ ಹೋಗುವವರ ಬೆವರನ್ನು ನಾವು ಲೆಕ್ಕ ಹಾಕುತ್ತೇವೆ. ಅವರಿಗಾಗಿ ಕಾಯುವವರ ತಾಳ್ಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊಮ್ಮಕ್ಕಳಿಗೆ ಪಾಠ ಹೇಳಿಕೊಡುವ ಅಜ್ಜ, ಮಗಳಂತೆ ಸೊಸೆಯ ಬುತ್ತಿ ಕಟ್ಟಿಕೊಡುವ ಅತ್ತೆ, ಮಡದಿ ಬರುವ ಮುನ್ನ ಅನ್ನಕ್ಕೆ ಇಡುವ ಗಂಡ, ಇಂಥವರಿರುವ ಮನೆಗಳನ್ನೂ ನಾವು ತುಮಕೂರಿನಲ್ಲಿ ಕಂಡಿದ್ದೇವೆ. ಅಲ್ಲಿ ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ತಡವಾದರೂ ಸರಿಯೇ. ಭಾನುವಾರ ಬೇರೆ ಕೆಲಸ ಹಚ್ಚಿಕೊಳ್ಳದೆ ಮಕ್ಕಳೊಡನೆ ಕಳೆಯುತ್ತಾರೆ. ದುಡಿಮೆಯಂತೆ ಮನೆಯ ಕೆಲಸವೂ ಹಂಚಿಕೊಂಡಾಗ ಹಗುರಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಓದುಗರು ಎಂದಾದರೂ ತುಮಕೂರಿನ ಕಡೆಗೆ ಬಂದರೆ ಸಿದ್ಧಗಂಗೆಯನ್ನು ದರ್ಶಿಸಿ, ಶಿವಗಂಗೆಯನ್ನು ಏರಿ. ಸಾಧ್ಯವಾದರೆ ಸಂಜೆಯ ರೈಲು ಬರುವ ಹೊತ್ತಿಗೆ ನಿಲ್ದಾಣದಲ್ಲಿಯೂ ಸ್ವಲ್ಪ ನಿಲ್ಲಿ. ದ್ವಿಚಕ್ರ ವಾಹನದ ಮೇಲೆ ಮಗುವನ್ನು ಕೂರಿಸಿಕೊಂಡು ಕಾಯುವ ತಾಯಿ, ಮಗಳಿಗಾಗಿ ಬೆಳಕು ಹಿಡಿದು ನಿಂತ ತಂದೆ ಅಲ್ಲಿ ಕಾಣಸಿಗುತ್ತಾರೆ. ಹಾಗೆ ಕಾಯುವವರು ಇರುವವರೆಗೆ ಎಷ್ಟೇ ದೂರದ ದುಡಿಮೆಯೂ ಸಹ್ಯವಾಗುತ್ತದೆ.