ಸರ್ವರಿಗೂ ಸಲ್ಲುವ ಸರ್ವರು

ಶಬ್ದಾರ್ಥದಲ್ಲಿ ‘ಸರ್ವರು’ ಎಂದರೆ ಎಲ್ಲರೂ ಎಂದಾಯಿತು. ಹೋಟೆಲಿನಲ್ಲಿ ತಿಂಡಿ ತಂದಿಡುವವನೂ ಸರ್ವರೇ. ಮೂರನೆಯ ಬಗೆಯ ಸರ್ವರೊಂದುಂಟು. ಅದು ದೂರದೂರದಲ್ಲಿರುವವರನ್ನು ಒಂದೇ ಆಟದಲ್ಲಿ ಕೂಡಿಸುವ ಗಣಕಯಂತ್ರ. ಅದರ ಆಯ್ಕೆಯ ವಿಚಾರ ನನ್ನಂತಹ ನಿವೃತ್ತ ಉಪಾಧ್ಯಾಯನ ಪಾಲಿಗೂ ಬಂದುದು ಕಾಲಮಹಿಮೆಯೇ ಸರಿ.

ನನಗೆ ಮೊಮ್ಮಕ್ಕಳು ನಾಲ್ವರು. ಇಬ್ಬರು ಬೆಂಗಳೂರಿನಲ್ಲಿ, ಒಬ್ಬಳು ಶಿರಸಿಯ ಕಡೆಯ ಹಳ್ಳಿಯಲ್ಲಿ, ಕಿರಿಯವನು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಇದ್ದಾರೆ. ಭಾನುವಾರ ಸಂಜೆ (ಅಲ್ಲಿಗೆ ಅದು ಮಧ್ಯಾಹ್ನ) ನಾಲ್ವರೂ ‘ಮೈನ್‌ಕ್ರಾಫ್ಟ್’ ಎಂಬ ಆಟದಲ್ಲಿ ಕಲ್ಲೊಡೆದು ಮನೆ ಕಟ್ಟುತ್ತ ಮಾತನಾಡುವರು. ಜರ್ಮನಿಯ ಹುಡುಗನಿಗೆ ಒಡಹುಟ್ಟಿದವರಂತಹ ಓರಗೆಯವರೊಡನೆ ಕನ್ನಡವಾಡಲು ದೊರೆಯುವುದು ಆ ಎರಡು ತಾಸುಗಳು ಮಾತ್ರ. ಆದುದರಿಂದ ಈ ಆಟಕ್ಕೊಂದು ನೆಲೆಯನ್ನು ಬಾಡಿಗೆಗೆ ಹಿಡಿಯಬೇಕಾದಾಗ, ಅದರ ಹಣವನ್ನು ಪಿಂಚಣಿಯಿಂದ ಕೊಡಲೊಪ್ಪಿದ ನಾನು ವಿಷಯವನ್ನು ಬುಡದಿಂದ ತಿಳಿಯಬಯಸಿದೆನು.

ಮನೆಯ ಯಂತ್ರವೇ ಸಾಲದೇ ಎಂದು ವಾಚಕರು ಕೇಳಬಹುದು. ವಿದ್ಯುತ್ತು ಹೋದರೆ ಆಟವೂ ಹೋಯಿತು. ಅಲ್ಲದೆ ಇಂಟರ್ನೆಟ್ಟನ್ನು ಒದಗಿಸುವ ಎಷ್ಟೋ ಸಂಸ್ಥೆಗಳು ಹಲವು ಮನೆಗಳಿಗೆ ಸೇರಿಸಿ ಒಂದೇ ವಿಳಾಸವನ್ನು ಕೊಟ್ಟಿರುತ್ತವೆ. ಹೊರಗಿನಿಂದ ಬಂದವರಿಗೆ ನಮ್ಮ ಬಾಗಿಲು ಸಿಕ್ಕುವುದಿಲ್ಲ.

ಇನ್ನು ಬಾಡಿಗೆಯ ನೆಲೆ ಎಲ್ಲಿರಬೇಕು? ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಚಲಿಸುತ್ತದೆ. ಮುಂಬಯಿಯಿಂದ ಫ್ರಾಂಕ್‌ಫರ್ಟಿಗೆ ನೇರವಾಗಿ ಅಳೆದರೂ ಸುಮಾರು ೬,೫೦೦ ಕಿಲೋಮೀಟರು. ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ ೬೫ ಪಾಲು ಬೇಕೇ ಬೇಕು. ಕಡಲಡಿಯ ತಂತಿಗಳು ಸುತ್ತಿ ಹೋಗುವುದರಿಂದ ಇದು ಸುಮಾರು ಇಮ್ಮಡಿಯಾಗುತ್ತದೆ. ಆಟದ ಲೋಕವಾದರೋ ಸೆಕೆಂಡಿಗೆ ೨೦ ಬಾರಿ ಮಿಡಿಯತಕ್ಕದ್ದು. ಎಷ್ಟು ಹಣ ಸುರಿದರೂ ಬೆಳಕಿನ ವೇಗ ಹೆಚ್ಚದು.

ಜರ್ಮನಿಯಲ್ಲಿ ಬಾಡಿಗೆ ಅಗ್ಗವೆಂದು ನನ್ನ ಮಗನು ಬರೆದನು. ಆದರೆ ಹಳ್ಳಿಯ ಹುಡುಗಿಗಿರುವುದು ಗುಡ್ಡದಾಚೆಯ ಮೊಬೈಲ್ ಗೋಪುರವೊಂದೇ. ಅವಳ ಸಂದೇಶ ಹೊರಡುವಾಗಲೇ ಬಳಲಿರುತ್ತದೆ. ಅದರ ಮೇಲೆ ಕಡಲ ದಾರಿಯನ್ನೂ ಹೇರಿದರೆ ಅವಳು ಆಟದಲ್ಲಿ ಉಳಿಯಲಾರಳು. ಫ್ರಾಂಕ್‌ಫರ್ಟಿನವನಿಗೆ ಒಳ್ಳೆಯ ತಂತಿಯುಂಟು. ಕಡಲಿನ ತಡವೊಂದನ್ನು ಅವನು ತಾಳಬಲ್ಲನು. ಬಾಣ ಬಿಟ್ಟು ಗೆಲ್ಲುವ ಆಟವಾಗಿದ್ದರೆ ಬೇರೆ ಮಾತು. ಕೂಡಿ ಮನೆ ಕಟ್ಟುವ ಆಟದಲ್ಲಿ ಅಷ್ಟು ತಡ ಸಹ್ಯವೇ. ಪಂಕ್ತಿಯ ಊಟ ಸರಿಯಾಯಿತೆಂದು ತಿಳಿಯಬೇಕಾದರೆ ಕಡೆಯ ಎಲೆಯನ್ನು ನೋಡಬೇಕಷ್ಟೆ. ಇಲ್ಲಿಯೂ ಬಲಹೀನವಾದ ದಾರಿಯುಳ್ಳವರಿಗೆ ಸಮೀಪವಾದ ನೆಲೆಯೇ ಯುಕ್ತವೆಂದು ನಾನು ನಿಶ್ಚಯಿಸಿದೆನು. ೨೦೧೬ರಲ್ಲಿಯೇ ಡಿಜಿಟಲ್‌ಓಷನ್ ಸಂಸ್ಥೆಯು ಬೆಂಗಳೂರಿನಲ್ಲಿಯೂ ಅಮೆಜಾನ್ ಸಂಸ್ಥೆಯು ಮುಂಬಯಿಯಲ್ಲಿಯೂ ಇಂತಹ ನೆಲೆಗಳನ್ನು ತೆರೆದವು. ಆದಕಾರಣ ನಮ್ಮಲ್ಲಿ ಸ್ಥಳಕ್ಕೆ ಕೊರತೆಯಿಲ್ಲ.

ಯಂತ್ರದ ಬಲದ ವಿಷಯದಲ್ಲಿಯೂ ಎಚ್ಚರ ಬೇಕು. ಈ ಆಟದ ಮುಖ್ಯ ಕೆಲಸವನ್ನು ಪ್ರೊಸೆಸರಿನ ಒಂದೇ ಅಂಗ ಮಾಡುತ್ತದೆ. ಒಬ್ಬನೇ ಬರೆಯಬೇಕಾದ ಲೆಕ್ಕದ ಪುಸ್ತಕಕ್ಕೆ ಎಂಟು ಮಂದಿ ಮಂದಗತಿಯ ಗುಮಾಸ್ತರನ್ನಿಟ್ಟು ಫಲವೇನು? ಚುರುಕಾದವನೊಬ್ಬನಿದ್ದರೆ ಸಾಕು. ನಾಲ್ವರಿಗೆ ೪ ಜಿ.ಬಿ. ಸ್ಮರಣೆ ಸಾಕಾಗುತ್ತದೆ.

ಕರಾರಿಗೆ ಮುನ್ನ ಕೇಳತಕ್ಕ ಪ್ರಶ್ನೆಗಳು ಎರಡು. ತಿಂಗಳ ಬಾಡಿಗೆಯಲ್ಲದೆ, ಹೊರಗೆ ಹರಿಯುವ ಮಾಹಿತಿಗೂ ಬೇರೆ ದರವುಂಟೇ? ಬಿಟ್ಟು ಹೋಗುವ ದಿನ ನಾವು ಕಟ್ಟಿದ ಲೋಕವನ್ನು ಪೂರ್ತಿಯಾಗಿ ಒಯ್ಯಲು ಬಿಡುವರೇ? ಬಾಡಿಗೆಯ ಮನೆ ಬಿಡುವವನು ಪಾತ್ರೆಪದಾರ್ಥಗಳನ್ನು ಅಲ್ಲಿಯೇ ಬಿಟ್ಟು ಬರುವುದುಂಟೇ? ನೆಲೆಯೊಡೆಯರು ಎಷ್ಟೇ ಭರವಸೆ ಕೊಡಲಿ, ವಾರಕ್ಕೊಂದು ಪ್ರತಿ ಮನೆಯಲ್ಲಿಯೂ ಇರತಕ್ಕದ್ದು. ಅಪರಿಚಿತರು ನುಗ್ಗದಂತೆ, ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಪ್ರವೇಶ ಕೊಡುವ ಏರ್ಪಾಡು ಈ ಆಟದಲ್ಲಿಯೇ ಇದೆ. ಮಕ್ಕಳಿರುವಲ್ಲಿ ಅದನ್ನು ತಪ್ಪದೆ ಮಾಡಬೇಕು.

ಕಡೆಗೆ ಬೆಂಗಳೂರಿನ ನೆಲೆಯನ್ನೇ ಹಿಡಿದೆವು. ಹಳ್ಳಿಯ ಹುಡುಗಿ ಈಗ ನಡುವೆ ಕಾಣೆಯಾಗುವುದಿಲ್ಲ. ಫ್ರಾಂಕ್‌ಫರ್ಟಿನ ಹುಡುಗನು ಒಡೆದ ಕಲ್ಲು ಕೈಗೆ ಬರುವುದು ಮಾತ್ರ ಕೊಂಚ ತಡ. ಬೇಸರವೇ ಎಂದು ಕೇಳಿದೆ. “ಇಲ್ಲ ಅಜ್ಜಾ, ನನ್ನ ಕಲ್ಲು ಹಡಗಿನಲ್ಲಿ ಬರುತ್ತದೆ, ಅಷ್ಟೆ” ಎಂದನು.